ಭುಜದ ಬಳಿಯ ಮೂಳೆಗಡ್ಡೆ: ತೆಗೆದ ಮೂಳೆಯ ಜಾಗಕ್ಕೆ ಏನನ್ನು ಕೂರಿಸುವುದು?

ಭುಜದ ಕೀಲಿನ ಹತ್ತಿರ ಮೂಳೆಗಡ್ಡೆ ಇದೆಯೆಂದು ಗೊತ್ತಾದ ಮೇಲೆ ವೈದ್ಯರು ಹೇಳುವುದು ಹೆಚ್ಚಾಗಿ ಒಂದೇ ವಾಕ್ಯದಲ್ಲಿರುತ್ತದೆ: ಗಡ್ಡೆಯಿರುವ ಮೂಳೆಯನ್ನು ತೆಗೆದು ಕೃತಕ ಕೀಲು ಹಾಕುತ್ತೇವೆ. ರೋಗಿಗೂ ಮನೆಯವರಿಗೂ ಅದು ಒಂದೇ ಶಸ್ತ್ರಚಿಕಿತ್ಸೆ ಎಂದು ತೋರುತ್ತದೆ. ಆದರೆ ಆ ವಾಕ್ಯದೊಳಗೆ ಐದಾರು ಬೇರೆ ಬೇರೆ ದಾರಿಗಳು ಅಡಗಿವೆ. ಒಂದರಲ್ಲಿ ಕೈ ತಲೆಯವರೆಗೆ ಏಳಬಹುದು, ಆದರೆ ಕೀಲು ತಪ್ಪುವ ಭಯ ಜೊತೆಗಿರುತ್ತದೆ. ಇನ್ನೊಂದರಲ್ಲಿ ಕೈ ಎದೆಯ ಮಟ್ಟವನ್ನು ದಾಟುವುದೇ ಕಷ್ಟ, ಆದರೆ ನೋವಿಲ್ಲದೆ, ಹೆಚ್ಚು ತಂಟೆಯಿಲ್ಲದೆ ವರ್ಷಗಳ ಕಾಲ ನಡೆದುಹೋಗುತ್ತದೆ. ಈ ದಾರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ನೆರವಾಗಲೆಂದು ಈ ಬರಹ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೋಲಿಕೆಯನ್ನು ಇಂಪ್ಲಾಂಟಿನಿಂದ, ಎಂದರೆ ಒಳಗೆ ಕೂರಿಸುವ ಕೃತಕ ಮೂಳೆ ಅಥವಾ ಕೀಲಿನಿಂದ, ಆರಂಭಿಸಿದರೆ, ಅಂದರೆ ಯಾವ ಲೋಹ, ಯಾವ ವಿನ್ಯಾಸ, ಎಷ್ಟು ಹೊಸದು ಎಂಬಲ್ಲಿಂದ ಹೊರಟರೆ, ದಾರಿ ತಪ್ಪುತ್ತದೆ. ಗಡ್ಡೆಯನ್ನು ಪೂರ್ತಿಯಾಗಿ ತೆಗೆದ ಮೇಲೆ ಯಾವ ಸ್ನಾಯು, ಯಾವ ನರ, ಎಷ್ಟು ಮೂಳೆ ಉಳಿಯುತ್ತದೆ ಎಂಬುದೇ ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ. ಇಂಪ್ಲಾಂಟು ಆಮೇಲಿನ ಪ್ರಶ್ನೆ.

ಭುಜ ಹೇಗೆ ನಿಂತಿದೆ

ಸೊಂಟದ ಕೀಲು ಆಳವಾದ ಬಟ್ಟಲಿನಲ್ಲಿ ಕುಳಿತ ಚೆಂಡಿನಂತಿದ್ದರೆ, ಭುಜದ ಕೀಲು ಚಪ್ಪಟೆ ತಟ್ಟೆಗೆ ಒರಗಿಸಿಟ್ಟ ಚೆಂಡಿನಂತೆ. ತೋಳಿನ ಮೂಳೆಯ ಮೇಲ್ತುದಿಯ ಗೋಲ ದೊಡ್ಡದು. ಅದನ್ನು ಎದುರುಗೊಳ್ಳುವ ಹೆಗಲೆಲುಬಿನ ತಟ್ಟೆ, ಅಂದರೆ ಗ್ಲೀನಾಯ್ಡ್, ಒಂದು ಹೊತ್ತಿಗೆ ಗೋಲದ ಮೂರನೇ ಒಂದು ಭಾಗವನ್ನೂ ಸರಿಯಾಗಿ ಮುಚ್ಚುವುದಿಲ್ಲ. ಹಾಗಾದರೆ ಗೋಲ ಜಾರಿಹೋಗದಂತೆ ಹಿಡಿದಿರುವುದು ಯಾವುದು? ಸುತ್ತಲಿನ ಕವಚ ಮತ್ತು ರೊಟೇಟರ್ ಕಫ್ ಎಂದು ಕರೆಯುವ ನಾಲ್ಕು ಸ್ನಾಯುಗಳ ಸ್ನಾಯುರಜ್ಜುಗಳು. ಇವು ಗೋಲದ ಸುತ್ತ ಅಂಟಿಕೊಂಡು ಅದನ್ನು ತಟ್ಟೆಯ ನಡುವಿಗೆ ಒತ್ತಿ ಹಿಡಿಯುತ್ತವೆ. ಅವುಗಳ ಮೇಲೆ, ಭುಜಕ್ಕೆ ದುಂಡನೆಯ ಆಕಾರ ಕೊಡುವ ಡೆಲ್ಟಾಯ್ಡ್ ಸ್ನಾಯು ಹೊದಿಕೆಯಂತೆ ಹರಡಿಕೊಂಡು ಕೈಯನ್ನು ಮೇಲಕ್ಕೆತ್ತುತ್ತದೆ.

ಡೆಲ್ಟಾಯ್ಡ್ ಸ್ನಾಯುವಿಗೆ ಚಾಲನೆ ಕೊಡುವುದು ಆಕ್ಸಿಲರಿ ನರ ಒಂದೇ. ಆ ನರ ಕಂಕುಳಿನಿಂದ ಹೊರಟು, ತೋಳಿನ ಮೂಳೆಯ ಕತ್ತನ್ನು ಹಿಂಬದಿಯಿಂದ ಬಳಸಿಕೊಂಡು, ಭುಜದ ಹೊರ ಅಂಚಿನ ಎಲುಬಿಗಿಂತ ಸುಮಾರು 5ರಿಂದ 7 ಸೆಂಟಿಮೀಟರ್ ಕೆಳಗೆ ಸ್ನಾಯುವಿನ ಒಳಮೈಗೆ ಅಂಟಿ ಮುಂದಕ್ಕೆ ಬರುತ್ತದೆ. ಬಲಗೈಯ ನಾಲ್ಕು ಬೆರಳುಗಳನ್ನು ಎಡಭುಜದ ತುದಿಯ ಎಲುಬಿನ ಕೆಳಗೆ ಅಡ್ಡಲಾಗಿ ಇಟ್ಟುಕೊಂಡರೆ, ಕಿರುಬೆರಳಿನ ಆಸುಪಾಸಿನಲ್ಲಿ ಚರ್ಮದ ಆಳದಲ್ಲಿ ಆ ನರ ಹಾದುಹೋಗಿದೆ ಎಂದು ಅಂದಾಜು ಮಾಡಬಹುದು. ಮೂಳೆಯ ಮೇಲ್ಭಾಗದಲ್ಲಿ ಬೆಳೆದ ಗಡ್ಡೆ ಮೂಳೆಯ ಗೋಡೆಯನ್ನು ಒಡೆದು ಹೊರಚಾಚಿದಾಗ ಹೆಚ್ಚಾಗಿ ಮೊದಲು ಒತ್ತುವುದು ಈ ನರವನ್ನು ಮತ್ತು ಈ ಸ್ನಾಯುವನ್ನು. ಮುಂದೆ ಹೇಳುವ ಹೋಲಿಕೆಯ ಮುಕ್ಕಾಲು ಪಾಲು ಈ ಒಂದು ನರದ ಸುತ್ತಲೇ ತಿರುಗುತ್ತದೆ.

ಯಾವ ಗಡ್ಡೆ ಎಂಬುದು ಮೊದಲ ಕವಲು

ಹದಿಹರೆಯದವರಲ್ಲಿ ಕಾಣುವ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರಿಗೆ ಮೊಣಕಾಲಿನ ಎರಡು ಬದಿಯ ಮೂಳೆಗಳ ನಂತರ ಅತ್ಯಂತ ಸಾಮಾನ್ಯವಾದ ಜಾಗ ತೋಳಿನ ಮೂಳೆಯ ಮೇಲ್ತುದಿ. ಯೂಯಿಂಗ್ ಸಾರ್ಕೋಮಾ ಎಂಬ ಇನ್ನೊಂದು ಕ್ಯಾನ್ಸರ್ ಕೂಡ ಮಕ್ಕಳಲ್ಲಿ ಮತ್ತು ತರುಣರಲ್ಲಿ ಇಲ್ಲಿ ಬರುತ್ತದೆ. ಇವೆರಡರಲ್ಲೂ ಮೊದಲು ಕೆಲವು ವಾರಗಳ ಕೀಮೋಥೆರಪಿ, ನಂತರ ಶಸ್ತ್ರಚಿಕಿತ್ಸೆ, ಗಾಯ ಮಾಗಿದ ಮೇಲೆ ಮತ್ತೆ ಕೀಮೋಥೆರಪಿ ಎಂಬ ಕ್ರಮವಿರುತ್ತದೆ. ನಡುವಯಸ್ಸು ದಾಟಿದವರಲ್ಲಿ ಹೆಚ್ಚು ಕಾಣುವ ಕಾಂಡ್ರೋಸಾರ್ಕೋಮಾ ಎಂಬ ಮೃದ್ವಸ್ಥಿಯ ಗಡ್ಡೆಗೆ ಕೀಮೋಥೆರಪಿಯೂ ವಿಕಿರಣವೂ ಅಷ್ಟಾಗಿ ಬಗ್ಗುವುದಿಲ್ಲವಾದ್ದರಿಂದ ಅಲ್ಲಿ ಶುದ್ಧವಾದ ಅಂಚಿನ ಶಸ್ತ್ರಚಿಕಿತ್ಸೆಯೇ ಚಿಕಿತ್ಸೆ.

ಎಲ್ಲ ಗಡ್ಡೆಗಳಿಗೂ ಮೂಳೆ ತೆಗೆಯಬೇಕಾಗಿಲ್ಲ. ಸಾಮಾನ್ಯವಾಗಿ 20ರಿಂದ 40 ವರ್ಷದವರಲ್ಲಿ ಬರುವ ಜೈಂಟ್ ಸೆಲ್ ಗಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ಮೂಳೆಯನ್ನು ತಿನ್ನುವಂಥದ್ದು. ಕೀಲಿನ ಮೇಲ್ಮೈ ಕುಸಿಯದಿದ್ದರೆ ಅದನ್ನು ಕೆರೆದು ತೆಗೆದು, ಪೊಳ್ಳನ್ನು ಮೂಳೆಯ ಸಿಮೆಂಟಿನಿಂದ ತುಂಬಿಸಿ ರೋಗಿಯ ಸ್ವಂತ ಕೀಲನ್ನೇ ಉಳಿಸಿಕೊಳ್ಳಬಹುದು. ಬೇರೆ ಯಾವುದೋ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಅಕಸ್ಮಾತ್ತಾಗಿ ಕಾಣಿಸಿಕೊಳ್ಳುವ ಎನ್‌ಕಾಂಡ್ರೋಮಾ ಎಂಬ ನಿರಪಾಯದ ಗಡ್ಡೆಯನ್ನಂತೂ ಹೆಚ್ಚಾಗಿ ಮುಟ್ಟದೆ, ಆಗಾಗ ಚಿತ್ರ ತೆಗೆದು ಗಮನಿಸುತ್ತಿದ್ದರೆ ಸಾಕು. ಇಂಥ ಗಡ್ಡೆಗೂ ಕೀಲು ಬದಲಿಸುವ ಸಲಹೆ ಬಂದರೆ ಎರಡನೆಯ ಅಭಿಪ್ರಾಯ ಕೇಳಲು ಸಂಕೋಚಪಡಬೇಕಾಗಿಲ್ಲ.

ಸ್ತನ, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಅಥವಾ ಪ್ರಾಸ್ಟೇಟ್‌ನಿಂದ ಹರಡಿ ಬಂದ ಗಡ್ಡೆಯ ಲೆಕ್ಕಾಚಾರವೇ ಬೇರೆ. ಅಲ್ಲಿ ಮುಖ್ಯ ಗುರಿ ನೋವು ತಗ್ಗಿಸುವುದು, ಮೂಳೆ ಮುರಿಯದಂತೆ ನೋಡಿಕೊಳ್ಳುವುದು, ಕೈಯನ್ನು ಬೇಗ ಬಳಕೆಗೆ ತರುವುದು. ಮುರಿಯುವ ಸಾಧ್ಯತೆಯನ್ನು ಅಳೆಯಲು 1989ರಲ್ಲಿ ಪ್ರಕಟವಾದ ಮಿರೆಲ್ಸ್ ಅಂಕಪದ್ಧತಿಯನ್ನು ಇಂದಿಗೂ ಬಳಸುತ್ತಾರೆ. ಗಡ್ಡೆಯ ಜಾಗ, ಗಾತ್ರ, ಸ್ವಭಾವ ಮತ್ತು ನೋವಿನ ತೀವ್ರತೆಗೆ ತಲಾ 1ರಿಂದ 3 ಅಂಕ ಕೊಟ್ಟು ಒಟ್ಟು 12ಕ್ಕೆ ಲೆಕ್ಕ ಹಾಕುತ್ತಾರೆ; 9 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುರಿಯುವ ಮೊದಲೇ ಭದ್ರಪಡಿಸುವುದು ಒಳ್ಳೆಯದು. ಮೂಳೆಯ ನಡುಭಾಗ ಮಾತ್ರ ಹಾಳಾಗಿದ್ದರೆ ಒಳಗೆ ಸರಳು ತೂರಿಸಿ, ಗಾಯ ಮಾಗಿದ ಮೇಲೆ ವಿಕಿರಣ ಕೊಡುವುದು ಸಾಕಾಗುತ್ತದೆ. ಗೋಲವೇ ತಿಂದುಹೋಗಿದ್ದರೆ ಕೃತಕ ಕೀಲೇ ಮೇಲು, ಏಕೆಂದರೆ ಸಿಮೆಂಟಿನಲ್ಲಿ ಕೂರಿಸಿದ ಕೀಲು ಮೂಳೆ ಕೂಡಲಿ ಎಂದು ಕಾಯಿಸುವುದಿಲ್ಲ. ಮೂತ್ರಪಿಂಡ ಮತ್ತು ಥೈರಾಯ್ಡಿನ ಗಡ್ಡೆಗಳು ವಿಪರೀತ ರಕ್ತ ಸುರಿಸುವುದರಿಂದ, ಶಸ್ತ್ರಚಿಕಿತ್ಸೆಗೆ ಮೊದಲು ಅವುಗಳ ರಕ್ತನಾಳಗಳನ್ನು ಒಳಗಿನಿಂದಲೇ ಮುಚ್ಚುವ ಎಂಬೊಲೈಸೇಷನ್ ಮಾಡಿಸಿಕೊಳ್ಳುವುದುಂಟು.

ಬಯಾಪ್ಸಿಯ ಸೂಜಿ ಎಲ್ಲಿ ಹೊಕ್ಕಿತು?

ಗಡ್ಡೆಯ ಚೂರನ್ನು ಪರೀಕ್ಷೆಗೆಂದು ಸೂಜಿಯಿಂದ ತೆಗೆಯುವುದೇ ಬಯಾಪ್ಸಿ. ಆ ಸೂಜಿ ಎಲ್ಲಿ ಹೊಕ್ಕಿತು ಎಂಬುದನ್ನು ಸಣ್ಣ ವಿಷಯವೆಂದು ಬಿಟ್ಟುಬಿಡುವಂತಿಲ್ಲ. ಸೂಜಿ ಹೋದ ದಾರಿಯುದ್ದಕ್ಕೂ ಗಡ್ಡೆಯ ಕಣಗಳು ಉಳಿದಿರಬಹುದಾದ್ದರಿಂದ, ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಆ ದಾರಿಯನ್ನೂ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಮಾಮೂಲು ಭುಜದ ಶಸ್ತ್ರಚಿಕಿತ್ಸೆಗೆ ಬಳಸುವ ದಾರಿ ಡೆಲ್ಟಾಯ್ಡ್ ಮತ್ತು ಎದೆಯ ಸ್ನಾಯುವಿನ ನಡುವಿನ ಸಂದು. ಬಯಾಪ್ಸಿಯ ಸೂಜಿ ಈ ಸಂದಿಯಲ್ಲಿ ಹೋದರೆ ಎರಡೂ ಸ್ನಾಯುಗಳು ಮತ್ತು ಒಳಗಿನ ರಕ್ತನಾಳಗಳ ಗೊಂಚಲು ಕಲುಷಿತಗೊಳ್ಳುವ ಅಪಾಯವಿದೆ. ಹಿಂಬದಿಯಿಂದ ಹೋದರೆ ಆಕ್ಸಿಲರಿ ನರದ ಹಾದಿಗೇ ಕೈ ಹಾಕಿದಂತೆ. ಆದ್ದರಿಂದ ಡೆಲ್ಟಾಯ್ಡ್ ಸ್ನಾಯುವಿನ ಮುಂಭಾಗದ ಮೂಲಕವೇ ನೇರವಾಗಿ ಮೂಳೆಗೆ ಸೂಜಿ ಹಾಕಬೇಕೆಂಬುದು ಈ ಕ್ಷೇತ್ರದಲ್ಲಿ ನೆಲೆಯೂರಿದ ನಿಯಮ: ಅಲ್ಲಿ ಕಳೆದುಕೊಳ್ಳಬೇಕಾದದ್ದು ಸ್ನಾಯುವಿನ ಒಂದು ಪಟ್ಟಿ ಮಾತ್ರ. ತಪ್ಪು ಜಾಗದಲ್ಲಿ ಮಾಡಿದ ಬಯಾಪ್ಸಿ ಮುಂದಿನ ಒಳ್ಳೆಯ ಆಯ್ಕೆಯೊಂದನ್ನು ಶಾಶ್ವತವಾಗಿ ಮುಚ್ಚಿಬಿಡಬಹುದು. ಹಾಗಾಗಿ ಗಡ್ಡೆ ತೆಗೆಯುವ ತಂಡವೇ ಬಯಾಪ್ಸಿಯನ್ನೂ ಮಾಡುವುದು, ಅಥವಾ ಕನಿಷ್ಠ ಅದರ ಜಾಗವನ್ನು ತಾನೇ ಗುರುತಿಸಿಕೊಡುವುದು ಉತ್ತಮ.

ಬಯಾಪ್ಸಿಗೆ ಮೊದಲೇ ತೆಗೆಸುವ ಎಂಆರ್‌ಐ ಭುಜದಿಂದ ಮೊಣಕೈವರೆಗೆ ಇಡೀ ಮೂಳೆಯನ್ನು ತೋರಿಸುವಂತಿರಬೇಕು. ಆಸ್ಟಿಯೋಸಾರ್ಕೋಮಾ ಕೆಲವೊಮ್ಮೆ ಮುಖ್ಯ ಗಡ್ಡೆಯಿಂದ ದೂರದಲ್ಲಿ, ಅದೇ ಮೂಳೆಯ ಮಜ್ಜೆಯಲ್ಲಿ ಇನ್ನೊಂದು ಪುಟ್ಟ ಗೂಡು ಕಟ್ಟಿಕೊಂಡಿರುತ್ತದೆ. ಅದು ಕಂಡರೆ ತೋಳಿನ ಮೂಳೆಯನ್ನು ಪೂರ್ತಿಯಾಗಿ ಬದಲಿಸುವ ಪ್ರಶ್ನೆಯೂ ಏಳಬಹುದು.

ಕೈ ಉಳಿಸುವುದೇ, ತೆಗೆಯುವುದೇ?

ಇಂದು ಭುಜದ ಸಾರ್ಕೋಮಾ ಇರುವ ಬಹುಪಾಲು ಜನರ ಕೈಯನ್ನು ಉಳಿಸಬಹುದು. ಗಡ್ಡೆ ಕಂಕುಳಿನ ಮುಖ್ಯ ರಕ್ತನಾಳಗಳನ್ನೂ ಕೈಗೆ ಹೋಗುವ ನರಗಳ ಗೊಂಚಲನ್ನೂ ಸುತ್ತುವರಿದಿದ್ದರೆ, ಅಥವಾ ಸೋಂಕು ಹಿಡಿದು ಹುಣ್ಣಾಗಿ ಹೊರಬಿದ್ದಿದ್ದರೆ, ಹೆಗಲೆಲುಬು ಮತ್ತು ಕೊರಳೆಲುಬಿನ ಭಾಗದ ಸಮೇತ ಕೈಯನ್ನು ತೆಗೆಯುವುದು ಬೇರೆ ದಾರಿಯಿಲ್ಲದ ಆಯ್ಕೆಯಾಗುತ್ತದೆ. ಗಡ್ಡೆಯಿಂದ ಮೂಳೆ ಮುರಿದಿದ್ದರೆ ಸುತ್ತಲಿನ ರಕ್ತದಲ್ಲಿ ಕಣಗಳು ಹರಡಿರುವ ಭಯವಿರುತ್ತದೆ, ನಿಜ. ಆದರೆ ಮುರಿತ ಒಂದನ್ನೇ ಕಾರಣ ಮಾಡಿಕೊಂಡು ಕೈ ತೆಗೆಯಬೇಕೆಂದಿಲ್ಲ. ಕೀಮೋಥೆರಪಿಗೆ ಗಡ್ಡೆ ಒಳ್ಳೆಯ ಪ್ರತಿಕ್ರಿಯೆ ತೋರಿ, ಸುತ್ತ ಸಾಕಷ್ಟು ಆರೋಗ್ಯವಂತ ಅಂಗಾಂಶ ಸಿಕ್ಕರೆ ಮುರಿದ ಮೂಳೆಯಿರುವ ಕೈಯನ್ನೂ ಉಳಿಸುತ್ತಾರೆ.

ಕೈ ಉಳಿಸುವ ಆಲೋಚನೆ ಕೃತಕ ಕೀಲುಗಳ ಈ ಕಾಲಕ್ಕಿಂತ ಹಳೆಯದು. ರಷ್ಯಾದ ಶಸ್ತ್ರವೈದ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಭುಜದ ಮೂಳೆಗಳನ್ನು ಮಾತ್ರ ತೆಗೆದು, ನರ ಮತ್ತು ರಕ್ತನಾಳಗಳಿಗೆ ಅಂಟಿಕೊಂಡ ಕೈಯನ್ನು ಹಾಗೆಯೇ ಬಿಡುವ ವಿಧಾನ ರೂಪಿಸಿದರು. 1928ರಲ್ಲಿ ಲಿನ್‌ಬರ್ಗ್ ಅದನ್ನು ಪ್ರಕಟಿಸಿದ ಮೇಲೆ ಟಿಖಾಫ್–ಲಿನ್‌ಬರ್ಗ್ ಶಸ್ತ್ರಚಿಕಿತ್ಸೆ ಎಂದೇ ಹೆಸರಾಯಿತು. ಭುಜ ಜೋತುಬೀಳುತ್ತಿತ್ತು, ಆದರೆ ಬೆರಳುಗಳು ಕೆಲಸ ಮಾಡುತ್ತಿದ್ದವು. ಇಂದಿನ ಎಲ್ಲ ಇಂಪ್ಲಾಂಟುಗಳ ಹಿಂದಿನ ತರ್ಕ ಇದರಲ್ಲೇ ಇದೆ. ಭುಜವಿರುವುದೇ ಹಸ್ತವನ್ನು ಬೇಕಾದ ಕಡೆಗೆ ಒಯ್ದು ನಿಲ್ಲಿಸಲು. ಭುಜ ಕೆಟ್ಟರೂ ಹಸ್ತ ಚೆನ್ನಾಗಿದ್ದರೆ ಬರೆಯಬಹುದು, ಗುಂಡಿ ಹಾಕಿಕೊಳ್ಳಬಹುದು, ಬಾಗಿಲು ತೆರೆಯಬಹುದು. ಈ ಶಸ್ತ್ರಚಿಕಿತ್ಸೆಗಳ ಫಲಿತಾಂಶ ಅಳೆಯಲು 1993ರಿಂದ ಬಳಕೆಯಲ್ಲಿರುವ 30 ಅಂಕಗಳ ಎಂಎಸ್‌ಟಿಎಸ್ ಪದ್ಧತಿಯೂ ಇದನ್ನೇ ಒಪ್ಪುತ್ತದೆ: ಕೈಯ ವಿಷಯದಲ್ಲಿ ಅದು ನೋವು, ಕಾರ್ಯಶಕ್ತಿ, ಮನಸ್ಸಿನ ಒಪ್ಪಿಗೆ ಇವುಗಳ ಜೊತೆಗೆ ಹಸ್ತವನ್ನು ಎಲ್ಲಿಯವರೆಗೆ ಒಯ್ಯಬಹುದು, ಬೆರಳುಗಳ ಚಾತುರ್ಯ ಎಷ್ಟು, ಎಷ್ಟು ಭಾರ ಎತ್ತಬಹುದು ಎಂಬ ಮೂರನ್ನು ಕೇಳುತ್ತದೆ.

ಎಷ್ಟು ತೆಗೆಯುತ್ತಾರೆ

ಎಂಆರ್‌ಐಯಲ್ಲಿ ಕಂಡ ಗಡ್ಡೆಯ ಕೆಳ ಅಂಚಿನಿಂದ ಸಾಮಾನ್ಯವಾಗಿ ಇನ್ನೂ 2ರಿಂದ 3 ಸೆಂಟಿಮೀಟರ್ ಆರೋಗ್ಯವಂತ ಮೂಳೆಯನ್ನು ಸೇರಿಸಿ ಕತ್ತರಿಸುತ್ತಾರೆ. ಮೇಲ್ಬದಿಯಲ್ಲಿ ಎರಡು ದಾರಿಗಳಿವೆ. ಗಡ್ಡೆ ಕೀಲಿನೊಳಗೆ ಇಳಿದಿಲ್ಲವೆಂದರೆ ಕೀಲನ್ನು ತೆರೆದು ಗೋಲವನ್ನು ಮಾತ್ರ ತೆಗೆದು ತಟ್ಟೆಯನ್ನು ಉಳಿಸಿಕೊಳ್ಳುತ್ತಾರೆ. ಇಳಿದಿದೆಯೆಂಬ ಅನುಮಾನವಿದ್ದರೆ ಕೀಲನ್ನು ತೆರೆಯದೆ, ತಟ್ಟೆಯನ್ನೂ ಸೇರಿಸಿ ಇಡಿಯಾಗಿ ತೆಗೆಯುತ್ತಾರೆ. ಈ ಎರಡರಲ್ಲೂ ಕೈ ಎತ್ತುವ ಸ್ನಾಯುಗಳು ಉಳಿದವೇ ಹೋದವೇ ಎಂಬುದು ಮತ್ತೊಂದು ಕವಲು. 1991ರಲ್ಲಿ ಮಲಾವರ್ ರೂಪಿಸಿದ ವರ್ಗೀಕರಣದಲ್ಲಿ ಯಾವ ಭಾಗ ತೆಗೆದರು ಎಂಬುದಕ್ಕೆ ರೋಮನ್ ಅಂಕಿ; ಆ ಸ್ನಾಯುಗಳು ಉಳಿದರೆ ಎ, ಹೋದರೆ ಬಿ ಎಂದು ಗುರುತು. ನಿಮ್ಮ ಕಡತದಲ್ಲಿ ಇಂಥ ರೋಮನ್ ಅಂಕಿ ಮತ್ತು ಅಕ್ಷರ ಬರೆದಿದ್ದರೆ ಅದರ ಅರ್ಥ ಕೇಳಿ ತಿಳಿದುಕೊಳ್ಳಿ. ಕೆಳಗಿನ ಆಯ್ಕೆಗಳಲ್ಲಿ ನಿಮಗೆ ಯಾವುದು ಮುಕ್ತವಾಗಿದೆ ಎಂಬುದು ಅದರಲ್ಲೇ ಇದೆ.

ಆಯ್ಕೆಗಳು, ಒಂದರ ಪಕ್ಕ ಒಂದು

ಮಾಮೂಲು ಆಕಾರದ ಕೃತಕ ಮೂಳೆ ಹಳೆಯದು ಮತ್ತು ಸರಳವಾದದ್ದು. ಮೇಲೆ ನುಣುಪಾದ ಲೋಹದ ಗೋಲ, ಕೆಳಗೆ ಬೇಕಾದ ಉದ್ದಕ್ಕೆ ಜೋಡಿಸಿಕೊಳ್ಳುವ ತುಂಡುಗಳು, ತುದಿಯಲ್ಲಿ ಉಳಿದ ಮೂಳೆಯ ಒಳಗೆ ಇಳಿಯುವ ಕಡ್ಡಿ. ಗೋಲದ ಕತ್ತಿನ ಬಳಿ ಸಾಲಾಗಿ ತೂತುಗಳಿರುತ್ತವೆ. ಉಳಿದ ಸ್ನಾಯುಗಳನ್ನು ಅಲ್ಲಿ ಹೊಲಿಯಬೇಕು. ಆದರೆ ಜೀವವಿರುವ ಸ್ನಾಯುರಜ್ಜು ಲೋಹಕ್ಕೆ ಬೆಸೆದುಕೊಳ್ಳುವುದಿಲ್ಲ, ದಾರದಲ್ಲಿ ತೂಗಿಕೊಂಡಿರುತ್ತದೆ ಅಷ್ಟೆ. ಅದಕ್ಕಾಗಿ ಇಂಪ್ಲಾಂಟಿನ ಸುತ್ತ ಪಾಲಿಯೆಸ್ಟರ್ ಹೆಣಿಗೆಯ ಕೊಳವೆಯೊಂದನ್ನು ತೊಡಿಸಿ, ಸ್ನಾಯುಗಳನ್ನು ಅದಕ್ಕೆ ಹೊಲಿದು, ಕಾಲಕ್ರಮದಲ್ಲಿ ಗಾಯದ ಅಂಗಾಂಶ ಹೆಣಿಗೆಯೊಳಗೆ ಬೆಳೆದು ಗಟ್ಟಿಯಾಗುವಂತೆ ಮಾಡುತ್ತಾರೆ. ಅಷ್ಟಾದರೂ ರೊಟೇಟರ್ ಕಫ್ ಹಿಡಿತ ಹೋದ ಗೋಲ ನಿಧಾನವಾಗಿ ಮೇಲಕ್ಕೋ ಮುಂದಕ್ಕೋ ಸರಿಯುವುದು ಸಾಮಾನ್ಯ. ಭುಜದ ಕೀಲಿನಿಂದ ಕೈ ಎತ್ತುವ ಶಕ್ತಿ ಬಹಳ ಕಡಿಮೆಯಾಗುತ್ತದೆ. ಸ್ವಂತ ಬಲದಿಂದ ಕೈ 90 ಡಿಗ್ರಿಗೆ, ಅಂದರೆ ಭುಜದ ಮಟ್ಟಕ್ಕೆ, ಏರುವುದು ಅಪರೂಪ. ಇಷ್ಟು ಕೇಳಿ ಇದನ್ನು ಕಳಪೆ ಆಯ್ಕೆ ಎಂದುಕೊಳ್ಳಬಾರದು. ಡೆಲ್ಟಾಯ್ಡ್ ಅಥವಾ ಅದರ ನರ ಹೋದವರಿಗೆ, ಹರಡಿದ ಕ್ಯಾನ್ಸರ್ ಇದ್ದು ಬೇಗ ಮನೆಗೆ ಹೋಗಬೇಕಾದವರಿಗೆ, ಕೀಮೋಥೆರಪಿಯನ್ನು ತಡಮಾಡದೆ ಮುಂದುವರಿಸಬೇಕಾದವರಿಗೆ ಇದು ನೆಚ್ಚಬಹುದಾದ ದಾರಿ. ನೋವು ಕಡಿಮೆ, ಮೊಣಕೈ ಮತ್ತು ಹಸ್ತದ ಬಳಕೆ ಪೂರ್ತಿ, ಗಾಯ ಮಾಗಿದರೆ ಸಾಕು.

ತಿರುಗುಮುರುಗು ಕೀಲು, ಅಂದರೆ ರಿವರ್ಸ್ ಶೋಲ್ಡರ್, ಈಚಿನ ದಶಕಗಳಲ್ಲಿ ಈ ಲೆಕ್ಕವನ್ನು ಬದಲಿಸಿದೆ. ಫ್ರಾನ್ಸಿನ ಪಾಲ್ ಗ್ರಾಮೊಂಟ್ 1985ರಲ್ಲಿ ರೂಪಿಸಿದ ಈ ವಿನ್ಯಾಸ ಹುಟ್ಟಿದ್ದು ಗಡ್ಡೆಗಾಗಿ ಅಲ್ಲ, ರೊಟೇಟರ್ ಕಫ್ ಹರಿದು ಸವೆದ ಭುಜಗಳಿಗಾಗಿ. ಗೋಲವನ್ನು ಹೆಗಲೆಲುಬಿಗೆ ತಿರುಪುಗಳಿಂದ ಬಿಗಿದು, ಬಟ್ಟಲನ್ನು ತೋಳಿನ ಮೂಳೆಯ ಬದಿಗೆ ಇಡುತ್ತಾರೆ. ಇದರಿಂದ ಕೀಲು ತಿರುಗುವ ಕೇಂದ್ರ ಒಳಕ್ಕೂ ಕೆಳಕ್ಕೂ ಸರಿಯುತ್ತದೆ, ಡೆಲ್ಟಾಯ್ಡ್ ಎಳೆದು ಬಿಗಿಯಾಗುತ್ತದೆ, ಮತ್ತು ರೊಟೇಟರ್ ಕಫ್ ಇಲ್ಲದಿದ್ದರೂ ಡೆಲ್ಟಾಯ್ಡ್ ಒಂದೇ ಸನ್ನೆಕೋಲಿನಂತೆ ಕೈಯನ್ನು ಎತ್ತಬಲ್ಲದು. ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ರೊಟೇಟರ್ ಕಫ್ ಹೆಚ್ಚುಕಡಿಮೆ ಹೋಗುವುದೇ ಆದ್ದರಿಂದ ಈ ತರ್ಕ ಇಲ್ಲಿಗೂ ಸರಿಯಾಗಿ ಹೊಂದುತ್ತದೆ. ಎಲ್ಲವೂ ಕೂಡಿಬಂದರೆ ರೋಗಿ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆತ್ತಿ ತಲೆ ಬಾಚಿಕೊಳ್ಳಬಹುದು. ಮಾಮೂಲು ಆಕಾರದ ಇಂಪ್ಲಾಂಟಿನಲ್ಲಿ ಅದೇ ಕೆಲಸಕ್ಕೆ ತಲೆಯನ್ನೇ ಬಗ್ಗಿಸಿ ಬಾಚಣಿಗೆಯ ಬಳಿಗೆ ತರಬೇಕಾಗುತ್ತದೆ.

ಆದರೆ ಎಲ್ಲವೂ ಕೂಡಿಬರಬೇಕು ಎಂಬ ಮಾತನ್ನು ಹಗುರವಾಗಿ ದಾಟುವಂತಿಲ್ಲ. ಆಕ್ಸಿಲರಿ ನರ ಜೀವಂತವಾಗಿರಬೇಕು, ಡೆಲ್ಟಾಯ್ಡ್ ಸ್ನಾಯುವಿನ ಹೆಚ್ಚಿನ ಭಾಗ ಉಳಿದಿರಬೇಕು, ತಿರುಪು ಹಿಡಿಯಲು ಹೆಗಲೆಲುಬಿನ ತಟ್ಟೆ ಗಟ್ಟಿಯಾಗಿರಬೇಕು. ಡೆಲ್ಟಾಯ್ಡ್ ತೋಳಿನ ಮೂಳೆಯ ಹೊರಬದಿಯ ನಡುಭಾಗದಲ್ಲಿ ಅಂಟಿಕೊಳ್ಳುತ್ತದೆ. ಮೂಳೆಯನ್ನು ಅದಕ್ಕಿಂತಲೂ ಕೆಳಗೆ ಕತ್ತರಿಸಬೇಕಾಗಿ ಬಂದರೆ ಅಂಟಿನ ಜಾಗವೇ ಹೋಗಿ, ಸ್ನಾಯುವನ್ನು ಇಂಪ್ಲಾಂಟಿಗೆ ಅಥವಾ ಅಕ್ಕಪಕ್ಕದ ಸ್ನಾಯುವಿಗೆ ಹೊಲಿಯಬೇಕಾಗುತ್ತದೆ ಮತ್ತು ಫಲಿತಾಂಶ ಅಷ್ಟರಮಟ್ಟಿಗೆ ಇಳಿಯುತ್ತದೆ. ನರ ಹೋದವರಿಗೆ ಈ ಕೀಲು ಹಾಕಿದರೆ ಎತ್ತುವ ಶಕ್ತಿ ಬರುವುದಿಲ್ಲ, ತಪ್ಪುವ ಅಪಾಯ ಮಾತ್ರ ಉಳಿಯುತ್ತದೆ. ಕೀಲು ತಪ್ಪುವುದು ಈ ದಾರಿಯ ದೊಡ್ಡ ತೊಡಕು: ಸುತ್ತಲಿನ ಸ್ನಾಯುಗಳು ಹೋಗಿರುವುದರಿಂದ ಮಾಮೂಲು ಸವೆತಕ್ಕೆ ಹಾಕಿದ ರಿವರ್ಸ್ ಕೀಲಿಗಿಂತ ಗಡ್ಡೆಯ ನಂತರ ಹಾಕಿದ್ದು ಹೆಚ್ಚು ತಪ್ಪುತ್ತದೆ. ಇಂಪ್ಲಾಂಟಿನ ಉದ್ದ ಸ್ವಲ್ಪ ಕಡಿಮೆಯಾದರೆ ಡೆಲ್ಟಾಯ್ಡ್ ಸಡಿಲವಾಗಿ ಕೀಲು ಜಾರುತ್ತದೆ, ಹೆಚ್ಚಾದರೆ ನರಗಳು ಎಳೆಯಲ್ಪಡುತ್ತವೆ. ಕೆಲವೇ ಮಿಲಿಮೀಟರ್‌ಗಳ ಈ ಅಂದಾಜು ಅನುಭವದಿಂದ ಬರುವಂಥದ್ದು. ನನ್ನ ಅಭಿಪ್ರಾಯದಲ್ಲಿ, ಗಡ್ಡೆಯ ಜಾಗ ಅವಕಾಶ ಕೊಟ್ಟು, ನರ ಉಳಿಯುವ ಭರವಸೆ ಇರುವ ದೊಡ್ಡವರಿಗೆ ಇಂದು ಮೊದಲು ಪರಿಗಣಿಸಬೇಕಾದದ್ದು ಇದೇ. ಆದರೆ ನರವನ್ನು ಉಳಿಸುವ ಸಲುವಾಗಿ ಗಡ್ಡೆಯ ಅಂಚಿಗೆ ತೀರಾ ಹತ್ತಿರ ಕತ್ತರಿಸುವುದು ಎಂದಿಗೂ ಸರಿಯಾದ ವ್ಯಾಪಾರವಲ್ಲ. ಗಡ್ಡೆ ಮರಳಿದರೆ ಉಳಿಸಿದ ನರವೂ ಹೋಗುತ್ತದೆ, ಕೆಲವೊಮ್ಮೆ ಕೈಯೂ ಹೋಗುತ್ತದೆ.

ದಾನಿಯ ಮೂಳೆ ಮತ್ತು ಲೋಹ ಎರಡನ್ನೂ ಸೇರಿಸಿದ ಮಿಶ್ರ ವಿಧಾನ ಮೇಲಿನ ಎರಡಕ್ಕೂ ಹೊಂದುವ ಪೂರಕ. ಮೃತ ದಾನಿಯ ತೋಳಿನ ಮೂಳೆಯನ್ನು ಮೂಳೆ ಬ್ಯಾಂಕಿನಿಂದ ತಂದು, ಅದರೊಳಗೆ ಕೃತಕ ಕೀಲಿನ ಕಡ್ಡಿಯನ್ನು ತೂರಿಸಿ, ಕೆಳಗೆ ರೋಗಿಯ ಮೂಳೆಗೆ ಜೋಡಿಸುತ್ತಾರೆ. ದಾನಿಯ ಮೂಳೆಗೆ ಅಂಟಿ ಬಂದ ಸ್ನಾಯುರಜ್ಜುಗಳಿಗೆ ರೋಗಿಯ ಸ್ನಾಯುಗಳನ್ನು ಹೊಲಿಯಬಹುದು. ರಜ್ಜು ರಜ್ಜುವಿಗೆ ಬೆಸೆಯುವುದು ಲೋಹಕ್ಕೆ ಹೊಲಿಯುವುದಕ್ಕಿಂತ ಮೇಲು. ಬೆಲೆ ತೆರಬೇಕಾದದ್ದು ಬೇರೆ ಕಡೆ: ದಾನಿಯ ಮೂಳೆ ರೋಗಿಯ ಮೂಳೆಯೊಂದಿಗೆ ಕೂಡದಿರಬಹುದು, ಕರಗಬಹುದು, ಮುರಿಯಬಹುದು. ಕೀಮೋಥೆರಪಿ ಪಡೆಯುತ್ತಿರುವವರಲ್ಲಿ ಕೂಡುವುದು ಇನ್ನೂ ನಿಧಾನ. ಕೀಲಿನ ಮೇಲ್ಮೈ ಸಮೇತ ದಾನಿಯ ಮೂಳೆಯನ್ನೇ, ಲೋಹವಿಲ್ಲದೆ, ಕೂರಿಸುತ್ತಿದ್ದ ಹಳೆಯ ವಿಧಾನವನ್ನು ಭುಜದಲ್ಲಿ ಈಗ ಹೆಚ್ಚಿನವರು ಕೈಬಿಟ್ಟಿದ್ದಾರೆ. ಕೆಲವು ವರ್ಷಗಳಲ್ಲಿ ಗೋಲ ಒಡೆದು ಕುಸಿಯುತ್ತಿತ್ತು. ದಾನಿಯ ಮೂಳೆ ಸಿಗದ ಕಡೆ ರೋಗಿಯ ಮೂಳೆಯನ್ನೇ ಹೊರತೆಗೆದು, ಗಡ್ಡೆಯನ್ನು ಕೆರೆದು, ಹೆಚ್ಚಿನ ಪ್ರಮಾಣದ ವಿಕಿರಣದಿಂದ ಅಥವಾ ದ್ರವ ಸಾರಜನಕದಲ್ಲಿ ಅದ್ದಿ ಕಣಗಳನ್ನು ಕೊಂದು ಮರಳಿ ಕೂರಿಸುವ ಪದ್ಧತಿಯೂ ಇದೆ. ಅದು ಉಳಿದ ಮೂಳೆ ಗಟ್ಟಿಯಾಗಿದ್ದರೆ ಮಾತ್ರ ಹೊಂದುತ್ತದೆ.

ಕೀಲನ್ನು ಬೆಸೆದುಬಿಡುವುದು, ಅಂದರೆ ತೋಳನ್ನು ಹೆಗಲೆಲುಬಿಗೆ ಮೂಳೆಯ ಸೇತುವೆ ಕಟ್ಟಿ ಗಟ್ಟಿ ಮಾಡುವುದು, ಕೇಳಲು ಹಳೆಯ ಕಾಲದ್ದೆನಿಸಿದರೂ ತಳ್ಳಿಹಾಕುವಂಥದ್ದಲ್ಲ. ಆರೋಗ್ಯವಂತ ಭುಜದಲ್ಲಿ ಕೈ 180 ಡಿಗ್ರಿ ಏಳುವಾಗ ಸುಮಾರು 120 ಡಿಗ್ರಿ ಗೋಲದ ಕೀಲಿನಿಂದ ಬರುತ್ತದೆ, ಉಳಿದ 60 ಹೆಗಲೆಲುಬು ಬೆನ್ನಿನ ಮೇಲೆ ಸರಿಯುವುದರಿಂದ ಬರುತ್ತದೆ. ಕೀಲನ್ನು ಸರಿಯಾದ ಓರೆಯಲ್ಲಿ ಬೆಸೆದರೆ ಈ ಎರಡನೆಯ ಚಲನೆಯೊಂದರಿಂದಲೇ ಹಸ್ತ ಬಾಯಿಯನ್ನು ಮುಟ್ಟುತ್ತದೆ. ಡೆಲ್ಟಾಯ್ಡ್ ಇಲ್ಲದೆ, ಆದರೆ ಕೈಯಿಂದ ಭಾರದ ಕೆಲಸ ಮಾಡಲೇಬೇಕಾದ ಕಿರಿಯ ವಯಸ್ಸಿನವರಿಗೆ ತಪ್ಪದ, ಸವೆಯದ ಭುಜ ಇದರಿಂದ ಸಿಗುತ್ತದೆ. ಬೆನ್ನ ಹಿಂದೆ ಕೈ ಒಯ್ಯುವುದು, ತೋಳನ್ನು ಒಳಹೊರಗೆ ತಿರುಗಿಸುವುದು ಕಷ್ಟವಾಗುತ್ತದೆ, ಮತ್ತು ಮೂಳೆ ಕೂಡುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ರೋಗಿಯ ಕಾಲಿನ ಫಿಬುಲಾ ಮೂಳೆಯನ್ನು ಅದರ ರಕ್ತನಾಳಗಳ ಸಮೇತ ತಂದು ಸೇತುವೆ ಕಟ್ಟುವುದು ರೂಢಿಯಲ್ಲಿದೆ.

ಸರಳಿನ ಸುತ್ತ ಸಿಮೆಂಟು ಮೆತ್ತಿ ಮೂಳೆಯ ಆಕಾರ ಕೊಟ್ಟು ತೂಗುಬಿಡುವುದು ಎಲ್ಲಕ್ಕಿಂತ ಸುಲಭ. ಇದರಿಂದ ಕೈ ಎತ್ತಲಾಗುವುದಿಲ್ಲ, ಆದರೆ ಕೈ ಜೋತುಬೀಳದಂತೆ ಹಿಡಿದಿಡುತ್ತದೆ. ಕೈ ಎತ್ತುವ ಸ್ನಾಯುಗಳು ಹೇಗೂ ಉಳಿಯದವರಲ್ಲಿ ದುಬಾರಿ ಇಂಪ್ಲಾಂಟಿಗೂ ಇದಕ್ಕೂ ಬಳಕೆಯಲ್ಲಿ ಇರುವ ಅಂತರ ಜನ ಊಹಿಸುವಷ್ಟು ದೊಡ್ಡದಲ್ಲ ಎಂಬುದನ್ನು ಹೇಳಲೇಬೇಕು.

ಮಕ್ಕಳ ವಿಷಯ

ತೋಳಿನ ಮೂಳೆಯ ಉದ್ದದ ಬೆಳವಣಿಗೆಯಲ್ಲಿ ಸುಮಾರು ಶೇ. 80 ಭಾಗ ಮೇಲ್ತುದಿಯ ಬೆಳವಣಿಗೆ ತಟ್ಟೆಯಿಂದಲೇ, ಅಂದರೆ ಮೂಳೆಯ ತುದಿಯಲ್ಲಿರುವ ಬೆಳೆಯುವ ಮೃದ್ವಸ್ಥಿಯ ಪದರದಿಂದಲೇ, ಆಗುತ್ತದೆ. ಎಂಟು ವರ್ಷದ ಮಗುವಿನ ಆ ಭಾಗವನ್ನು ತೆಗೆದರೆ ಆ ತೋಳು ಮುಂದೆ ಎಷ್ಟೋ ಸೆಂಟಿಮೀಟರ್ ಗಿಡ್ಡವಾಗುತ್ತದೆ. ಕಾಲಿನಲ್ಲಾದರೆ ಕುಂಟು ಬರುವುದರಿಂದ ಹೊರಗಿನಿಂದಲೇ ಉದ್ದ ಮಾಡಬಹುದಾದ, ಒಳಗೆ ಅಯಸ್ಕಾಂತವಿರುವ ಕೃತಕ ಮೂಳೆಗಳು ಬೇಕೇ ಬೇಕೆನಿಸುತ್ತವೆ. ತೋಳು ಭಾರ ಹೊರುವುದಿಲ್ಲ, ಸ್ವಲ್ಪ ಗಿಡ್ಡವಾದರೂ ಬಳಕೆಗೆ ಅಷ್ಟೇನೂ ಅಡ್ಡಿಯಾಗುವುದಿಲ್ಲ; ಉದ್ದ ಮಾಡುತ್ತಾ ಹೋದರೆ ಸ್ನಾಯುಗಳ ಬೆಂಬಲವಿಲ್ಲದ ಗೋಲ ಮೇಲಕ್ಕೆ ಸರಿಯುವ ಅಪಾಯವೇ ಹೆಚ್ಚು. ಹಾಗಾಗಿ ತೋಳಿಗೆ ಬೆಳೆಯುವ ಇಂಪ್ಲಾಂಟು ಎಂಬ ಮಾತಿಗೆ ಬೇಗ ಮರುಳಾಗಬಾರದು. ಕಿರಿಯ ಮಕ್ಕಳಲ್ಲಿ ಫಿಬುಲಾದ ಮೇಲ್ತುದಿಯನ್ನು ಅದರ ಬೆಳವಣಿಗೆ ತಟ್ಟೆ ಮತ್ತು ರಕ್ತನಾಳಗಳ ಸಮೇತ ತಂದು ಕೂರಿಸಿದರೆ ಅದು ಅಲ್ಲಿ ಬೆಳೆಯಲೂಬಹುದು, ಆದರೆ ಬಹಳ ನಾಜೂಕಿನ ಕೆಲಸ, ಮುರಿಯುವುದೂ ಉಂಟು. ಕೊರಳೆಲುಬನ್ನು ಎದೆಯ ಬದಿಯಲ್ಲಿ ಬಿಡಿಸಿ, ಭುಜದ ತುದಿಯ ಕೀಲನ್ನು ತಿರುಗಣೆಯಾಗಿಟ್ಟುಕೊಂಡು ಕೆಳಕ್ಕೆ ತಿರುಗಿಸಿ, ಉಳಿದ ತೋಳಿನ ಮೂಳೆಗೆ ಜೋಡಿಸುವ ಜಾಣ ವಿಧಾನವೂ ಇದೆ. ಅದರಲ್ಲಿ ಮಗುವಿನ ಸ್ವಂತ ಮೂಳೆ ಜೀವಂತವಾಗಿಯೇ ತೋಳಿನ ಕೆಲಸ ಮಾಡುತ್ತದೆ. ತೋಳು ಗಿಡ್ಡವಾಗಿರುತ್ತದೆ, ಮೂಳೆ ಕೂಡದಿರುವ ತೊಂದರೆಯನ್ನು ಎದುರಿಸಬೇಕಾಗಬಹುದು.

ಮುಂದೆ ಏನು ಕೆಡಬಹುದು

ದಾಖಲೆಯಲ್ಲಿರುವ ಮೊದಲ ಕೃತಕ ಭುಜವನ್ನು 1893ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯಾನ್ ಎಂಬ ಶಸ್ತ್ರವೈದ್ಯರು ಕ್ಷಯದಿಂದ ಹಾಳಾದ ಭುಜಕ್ಕೆ ಹಾಕಿದರು. ಪ್ಲಾಟಿನಂ ಮತ್ತು ಗಟ್ಟಿ ರಬ್ಬರಿನ ಆ ಕೀಲನ್ನು ಸುಮಾರು ಎರಡು ವರ್ಷಗಳ ನಂತರ ಸೋಂಕಿನ ಕಾರಣಕ್ಕೆ ತೆಗೆಯಬೇಕಾಯಿತು. ಲೋಹ ಬದಲಾದರೂ ಆ ಶತ್ರು ಬದಲಾಗಿಲ್ಲ. ಗಡ್ಡೆಯ ಕೃತಕ ಕೀಲುಗಳು ಸೋಲುವ ಬಗೆಗಳನ್ನು 2011ರಲ್ಲಿ ಹೆಂಡರ್ಸನ್ ಮತ್ತು ಸಹವೈದ್ಯರು ಐದಾಗಿ ವಿಂಗಡಿಸಿದರು: ಸ್ನಾಯು ಮತ್ತು ಮೃದು ಅಂಗಾಂಶಗಳ ಸೋಲು, ಸೋಂಕಿಲ್ಲದೆ ಕಡ್ಡಿ ಸಡಿಲವಾಗುವುದು, ಇಂಪ್ಲಾಂಟು ಅಥವಾ ಮೂಳೆ ಮುರಿಯುವುದು, ಸೋಂಕು, ಗಡ್ಡೆ ಮರಳುವುದು. ಮೊಣಕಾಲಿನಲ್ಲಿ ಸಡಿಲವಾಗುವುದು ದೊಡ್ಡ ಚಿಂತೆಯಾದರೆ ಭುಜದಲ್ಲಿ ಮೊದಲನೆಯದು, ಅಂದರೆ ಮೃದು ಅಂಗಾಂಶ ಸೋತು ಕೀಲು ಜಾರುವುದು, ಮುಂದೆ ನಿಲ್ಲುತ್ತದೆ. ಸೋಂಕಿನ ಅಪಾಯ ತಗ್ಗಿಸಲೆಂದು ಬೆಳ್ಳಿಯ ಲೇಪವಿರುವ ಇಂಪ್ಲಾಂಟುಗಳನ್ನು ಬಳಸುವವರಿದ್ದಾರೆ. ವಿಕಿರಣ ಪಡೆದ ಚರ್ಮ, ಕೀಮೋಥೆರಪಿಯಿಂದ ಇಳಿದ ಬಿಳಿರಕ್ತಕಣಗಳು ಇರುವಾಗ ಅದು ಪರಿಗಣಿಸಬೇಕಾದ ವಿಷಯವೇ.

ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈಯನ್ನು ಜೋಳಿಗೆಯಲ್ಲಿ ಇಡುತ್ತಾರೆ. ಹೆಣಿಗೆಯೊಳಗೆ ಅಂಗಾಂಶ ಬೆಳೆಯಲು ಆ ಕಾಲ ಬೇಕೇ ಬೇಕು. ಆತುರದಿಂದ ಭುಜ ಎತ್ತಲು ಹೋದವರೇ ಹೊಲಿಗೆ ಕಿತ್ತುಕೊಳ್ಳುವುದು. ಬೆರಳು, ಮಣಿಕಟ್ಟು, ಮೊಣಕೈಗಳ ವ್ಯಾಯಾಮ ಮಾತ್ರ ಮರುದಿನದಿಂದಲೇ ಆರಂಭವಾಗಬೇಕು. ಇದನ್ನು ತಡಮಾಡಿದರೆ ಭುಜ ಚೆನ್ನಾಗಿ ಕೂತು ಹಸ್ತ ಮರಗಟ್ಟಿದ ವಿಚಿತ್ರ ಸ್ಥಿತಿ ಬರುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು

ಮೊದಲು ಕೇಳಬೇಕಾದದ್ದು, ನನ್ನ ಆಕ್ಸಿಲರಿ ನರ ಉಳಿಯುವ ಸಾಧ್ಯತೆ ಎಷ್ಟು, ಎಂಆರ್‌ಐಯಲ್ಲಿ ಗಡ್ಡೆ ಅದರಿಂದ ಎಷ್ಟು ದೂರದಲ್ಲಿದೆ ಎಂಬುದು. ಎರಡನೆಯದು, ಕೀಲನ್ನು ತೆರೆದು ತೆಗೆಯುತ್ತೀರಾ ಅಥವಾ ತಟ್ಟೆಯನ್ನೂ ಸೇರಿಸಿ ತೆಗೆಯುತ್ತೀರಾ. ಮೂರನೆಯದು, ಈ ತಂಡ ಇಂಥ ಶಸ್ತ್ರಚಿಕಿತ್ಸೆಯನ್ನು ಎಷ್ಟು ಬಾರಿ ಮಾಡಿದೆ. ನಿಮ್ಮ ದಿನಚರಿಯನ್ನೂ ಬಿಡಿಸಿ ಹೇಳಿ: ಯಾವ ಕೈ ಹೆಚ್ಚು ಬಳಕೆಯದು, ಕೆಲಸದಲ್ಲಿ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಕೇ, ಮೇಜಿನ ಮಟ್ಟದಲ್ಲಿ ಕೆಲಸ ಸಾಗುತ್ತದೆಯೇ. ಮೇಜಿನ ಮಟ್ಟದಲ್ಲೇ ಬದುಕು ನಡೆಯುವವರಿಗೆ ರಿವರ್ಸ್ ಕೀಲಿನ ಹೆಚ್ಚಿನ ಚಲನೆಗಿಂತ, ಕೀಲು ತಪ್ಪದ ನೆಮ್ಮದಿ ದೊಡ್ಡದೆನಿಸಬಹುದು.

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದಿಲ್ಲ. ಚಿತ್ರಗಳು ಎಷ್ಟೇ ಸ್ಪಷ್ಟವಾಗಿದ್ದರೂ ನರ ಉಳಿಯುತ್ತದೆಯೇ ಎಂಬುದು ಕೆಲವೊಮ್ಮೆ ಗಡ್ಡೆಯನ್ನು ಕಣ್ಣಾರೆ ಕಂಡಾಗಲೇ ತೀರ್ಮಾನವಾಗುತ್ತದೆ. ರಿವರ್ಸ್ ಕೀಲಿಗೆ ಸಿದ್ಧವಾಗಿ ಒಳಗೆ ಹೋದ ಶಸ್ತ್ರವೈದ್ಯರು ನರವನ್ನು ಬಿಟ್ಟುಕೊಡಬೇಕಾಗಿ ಬಂದು ಮಾಮೂಲು ಆಕಾರದ ಇಂಪ್ಲಾಂಟನ್ನು ಹಾಕಿ ಹೊರಬರಬಹುದು, ಮತ್ತು ಆ ಹೊತ್ತಿನಲ್ಲಿ ಅದೇ ಸರಿಯಾದ ನಿರ್ಧಾರವಾಗಿರುತ್ತದೆ. ಹೀಗಾದರೆ ನಿಮ್ಮ ಎರಡನೆಯ ಆಯ್ಕೆ ಯಾವುದು, ಅದರ ಇಂಪ್ಲಾಂಟು ಅಂದು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕೈಗೆಟಕುವಂತೆ ಇರುತ್ತದೆಯೇ ಎಂದು ಮೊದಲೇ ಕೇಳಿ, ಆ ಎರಡನೆಯ ಆಯ್ಕೆಯನ್ನೂ ಒಪ್ಪಿಗೆ ಪತ್ರದಲ್ಲಿ ಬರೆಸಿಕೊಳ್ಳಿ.